ನಿಕಲ್ ಹೆಪ್ಪು

ಧಾರವಾಡದ ಮನೆಮನೆಯಲ್ಲೂ ಒಲೆ ನೀರಿನಿಂದಲೇ ಉರಿಯುತ್ತಿತ್ತು. ಹಂಡೆಗೆ ನೀರನ್ನು ಒಡೆಯುವ ನಿಕಲ್ ಹೆಪ್ಪು ಒಂದು ಚಮಚ ಹಾಕಿದರೆ ಹೈಡ್ರೋಜನ್ ಗುಳುಗುಳು ಎದ್ದು ಒಲೆ ಸೇರುತ್ತಿತ್ತು. ಆ ಹೆಪ್ಪನ್ನು ರೂಪಿಸುವ ವಿಜ್ಞಾನಿ ಶಾಲ್ಮಲಾ, ಬೀಗರು ಊಟಕ್ಕೆ ಬರುವ ದಿನವೇ ಹಳೆಯದನ್ನು ಚೆಲ್ಲಿ ಹೊಸದೊಂದನ್ನು ಹಾಕಿ ನೋಡಿದಳು. ಒಲೆ ಆರಿತು, ಹೋಳಿಗೆ ಅರ್ಧಕ್ಕೇ ನಿಂತಿತು.

ಹಳೆಯ ಹೆಪ್ಪು ಕೇಳಲು ಶಾಲ್ಮಲಾ, ತನ್ನ ಮಗಳ ನಿಶ್ಚಿತಾರ್ಥಕ್ಕೆ ಕರೆಯಲಿಲ್ಲವೆಂದು ಮಾತು ಬಿಟ್ಟಿದ್ದ ನೆರೆಮನೆಯ ಕಸ್ತೂರಕ್ಕನ ಬಾಗಿಲನ್ನೇ ತಟ್ಟಬೇಕಾಯಿತು.

“ಊರಿಗೆಲ್ಲಾ ಹೆಪ್ಪು ಮಾಡಾಕಿ, ನಮ್ಮನಿಗೆ ಬಟ್ಲಾ ಹಿಡಕೊಂಡ ಬಂದೀಯಲ್ಲವಾ!”

“ನಗಬ್ಯಾಡ್ರಿ ಅಕ್ಕಾ. ಅವತ್ತ ಕರೀಲಿಲ್ಲ, ತಪ್ಪಾತು. ಇವತ್ತ ಊಟಕ್ಕ ಬರ್ರಿ.”

ಕಸ್ತೂರಕ್ಕ ಬಟ್ಟಲು ತುಂಬಿಸಿಕೊಂಡು ಹಿಂದೆಯೇ ಬಂದಳು.

ಹೋಳಿಗೆ ಮೆಚ್ಚಿದ ಬೀಗರು, “ಒಲೀ ಭಾಳ ಛಲೋ ಉರೀತೈತ್ರಿ. ಹೆಪ್ಪು ನಿಮ್ಮದೇನ್ರಿ?” ಎಂದರು.

ಶಾಲ್ಮಲಾ ಬಾಯಿ ತೆರೆಯುವ ಮೊದಲೇ, ತುಪ್ಪ ಬಡಿಸುತ್ತಿದ್ದ ಕಸ್ತೂರಕ್ಕ ಹೇಳಿದಳು: “ಅಕೀದ ರೀ. ನಾ ಬರೇ ಕೆಡದಂಗ ಇಟಗೊಂಡಿದ್ದೆ.”