ಮೈನಸ್ಸಿಗೆ ಹೋದ ಮುಳ್ಳು

ಪಂಪು ನಿಲ್ಲಿಸಿದ್ದೇ ತಡ, ಜರ್ಮನಿಯ ಮೀಟರಿನ ಮುಳ್ಳು ಸೊನ್ನೆ ದಾಟಿ ಎಡಕ್ಕೆ ವಾಲಿ ಮೈನಸ್ಸಿನಲ್ಲಿ ನಿಂತುಬಿಟ್ಟಿತು. ಇಂಜಿನಿಯರ್ ಪಟ್ಟಾಭಿರಾಮ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ.

ಪೀಣ್ಯದ ಆ ಕಾರ್ಖಾನೆಗೆ ನೀರು ಬರುತ್ತಿದ್ದುದು ಕೆಳಗಿನ ಹಳ್ಳಿಯ ದೊಡ್ಡಮುನಿಯಪ್ಪನ ಬಾವಿಯಿಂದ. ಪಂಪು ನಿಂತಾಗಲೆಲ್ಲ ಕಾರ್ಖಾನೆಯ ತೊಟ್ಟಿಯ ಹೊಲಸು ಅದೇ ಪೈಪಿನಲ್ಲಿ ಬಾವಿಗೆ ವಾಪಸ್ ಇಳಿಯುತ್ತಿದೆ, ನೀರು ನಾರುತ್ತಿದೆ ಎಂದು ಅವನು ಗೋಳಾಡುತ್ತಿದ್ದ. ಹಳ್ಳಿಯವರ ಮೂಗನ್ನು ನಂಬಲು ಜನರಲ್ ಮ್ಯಾನೇಜರ್ ಕೃಷ್ಣಸ್ವಾಮಿಯವರೇನು ಬೋಂಡದಂಗಡಿ ಇಟ್ಟಿದ್ದರೇ? ವಿಜ್ಞಾನವೇ ತೀರ್ಪು ಹೇಳಲಿ ಎಂದು ಬೊಂಬಾಯಿಯಿಂದ ಈ ಮೀಟರನ್ನು ಎರವಲು ತರಿಸಿದ್ದರು. ಕಣ್ಣಾರೆ ನೋಡಿ ಬಾಯಿ ಮುಚ್ಚಿಕೊಳ್ಳಲಿ ಎಂದು ದೊಡ್ಡಮುನಿಯಪ್ಪನನ್ನೂ ಕರೆಸಿದ್ದರು.

ಮೀಟರು ಪಾಪದ ಪ್ರಾಣಿ. ಪೈಪಿನ ಹೊರಮೈಗೆ ಎರಡು ಪ್ರೋಬು ಕಟ್ಟಿದರಾಯಿತು. ಕಿವಿಗೆ ಕೇಳದ ಸದ್ದೊಂದನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಕಳಿಸುತ್ತದೆ. ನೀರಿನ ಜೊತೆ ಹೋದ ಸದ್ದು ಬೇಗ ಮುಟ್ಟುತ್ತದೆ, ಎದುರು ಹೋದದ್ದು ತಡವಾಗುತ್ತದೆ. ಆ ವ್ಯತ್ಯಾಸ ಹಿಡಿದು ನೀರೆಷ್ಟು, ಯಾವ ಕಡೆಗೆ ಎಂದು ಹೇಳಿಬಿಡುತ್ತದೆ. ಕಾರ್ಖಾನೆ ಕಡೆಗಾದರೆ ಪ್ಲಸ್, ಬಾವಿ ಕಡೆಗಾದರೆ ಮೈನಸ್. ಜಿ.ಎಂ. ಸಾಹೇಬರ ಮುಖ ನೋಡಿ ಮಾತಾಡುವುದನ್ನು ಮಾತ್ರ ಜರ್ಮನಿಯವರು ಅದಕ್ಕೆ ಕಲಿಸಿರಲಿಲ್ಲ.

“ಸಾರ್, ನೀರು ವಾಪಸ್ ಹೋಗ್ತಿದೆ,” ಎಂದ ಪಟ್ಟಾಭಿರಾಮ ಮೆಲ್ಲಗೆ.

“ಪ್ರೋಬ್ ಉಲ್ಟಾ ಕಟ್ಟಿದೀರ ಕಣ್ರೀ. ಅದಲು ಬದಲು ಮಾಡಿ.”

“ಸರಿಯಾಗೇ ಕಟ್ಟಿದೀನಿ ಸಾರ್. ಪಂಪು ಓಡ್ತಿದ್ದಾಗ ಪ್ಲಸ್ಸೇ ಇತ್ತಲ್ಲ.”

“ಸೋಮವಾರ ನಿಮ್ಮ ಪ್ರಮೋಷನ್ ಇಂಟರ್‌ವ್ಯೂ ಅಲ್ವೇನ್ರೀ?” ಕೃಷ್ಣಸ್ವಾಮಿಯವರ ದನಿಯಲ್ಲಿ ಅಕ್ಕರೆಯೋ ಅಕ್ಕರೆ. “ನಾನೂ ಕೂತಿರ್ತೀನಿ.”

ಪಟ್ಟಾಭಿರಾಮ ಬಗ್ಗಿ ಪ್ರೋಬುಗಳನ್ನು ಅದಲು ಬದಲು ಮಾಡಿದ. ಮುಳ್ಳು ವಿಧೇಯವಾಗಿ ಬಲಕ್ಕೆ ಬಂತು. ಅಲ್ಲಿಗೆ, ಪಂಪು ನಿಂತಿದ್ದರೂ ಬಾವಿಯ ನೀರು ಯಾರ ಹಂಗೂ ಇಲ್ಲದೆ ತಾನೇ ದಿಣ್ಣೆ ಹತ್ತಿ ಕಾರ್ಖಾನೆಗೆ ಬರುತ್ತಿದೆ ಎಂದಾಯಿತು. ಇಂಥ ಪವಾಡವನ್ನು ಕಂಡೂ ಅಲ್ಲಿದ್ದ ಅಷ್ಟು ಜನ ಇಂಜಿನಿಯರುಗಳಲ್ಲಿ ಒಬ್ಬರೂ ಹುಬ್ಬೇರಿಸಲಿಲ್ಲ. ಚಪ್ಪಾಳೆ ತಟ್ಟಿ, ಜಿ.ಎಂ. ಮೊದಲೇ ತರಿಸಿಟ್ಟಿದ್ದ ಮೈಸೂರುಪಾಕಿಗೆ ಕೈ ಹಾಕಿದರು.

ದೊಡ್ಡಮುನಿಯಪ್ಪ ಮಾತ್ರ ಪಟ್ಟಾಭಿರಾಮನ ಹತ್ತಿರ ಬಂದ. “ಸಾಮಿ, ಈ ಮಿಸಿನ್ನೆಲ್ಲ ನಂಗೊತ್ತಾಗಾಕಿಲ್ಲ. ನಮ್ ಮನೇಲೇ ಬಾಡಿಗೆಗಿರೋರು ನೀವು. ನೀವೇಳಿ, ಬಾವಿಗೆ ಏನೂ ಬತ್ತಾ ಇಲ್ವಾ?”

ಜಿ.ಎಂ. ಕೆಮ್ಮಿದರು.

“ಏನೂ ಬರ್ತಿಲ್ಲ ಮುನಿಯಪ್ಪನವ್ರೇ,” ಎಂದ ಪಟ್ಟಾಭಿರಾಮ. ಹೇಳಿದ ಮೇಲೆ ನಾಚಿಕೆಯಾಯಿತು. ಹೇಗೂ ತನ್ನ ಮಗುವಿಗೆ ಹೆಂಡತಿ ಪಂಕಜಾ ಗುಡಿ ಹತ್ತಿರದ ಬೋರಿನಿಂದ ನೀರು ಹೊತ್ತು ತರುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡ. ಮೈಸೂರುಪಾಕೂ ಒಳ್ಳೆಯ ತುಪ್ಪದ್ದೇ ಆಗಿತ್ತು.

ಸಂಜೆ ಸ್ಕೂಟರ್ ನಿಲ್ಲಿಸಿ ಒಳಗೆ ಕಾಲಿಡುತ್ತಲೇ ಹೆಂಡತಿ ನಗುನಗುತ್ತ ಎದುರು ಬಂದಳು.

“ಪುಣ್ಯ ಕಟ್ಕೊಂಡ್ರಿ ಕಣ್ರೀ. ಬೋರಿಂದ ಕೊಡ ಹೊತ್ತು ಹೊತ್ತು ಸೊಂಟ ಬಿದ್ದೋಗಿತ್ತು. ಈಗ ಮುನಿಯಪ್ಪನವರು ಬಂದು, ನಿಮ್ಮ ಯಜಮಾನ್ರೇ ಮಿಷನ್ ಇಟ್ಟು ನೋಡವ್ರೆ, ಇನ್ನೇನೂ ಭಯ ಇಲ್ಲ ಅಂದ್ರು.”

ಪಟ್ಟಾಭಿರಾಮ ತೊಟ್ಟಿಲ ಕಡೆ ನೋಡಿದ.

“ಈಗ ತಾನೇ ಮಲಗ್ತು,” ಎಂದಳು ಪಂಕಜಾ. “ನೀವೇ ಹೇಳಿದ ಮೇಲೆ ಇನ್ನೇನು ಅಂತ ಬಾವಿ ನೀರೇ ಕೊಟ್ಟೆ. ಒಂದು ಲೋಟ ಪೂರ್ತಿ ಕುಡೀತು.”