ತಿಂಗಳಿಗೊಮ್ಮೆ ಅಪ್ಪ

ಮಗಳಿಗೆ ಹನ್ನೊಂದು ತಿಂಗಳಾಗಿದ್ದಾಗ ಹರೀಶ್ ಹೆಂಡತಿಯನ್ನೂ ಮಗುವನ್ನೂ ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಿಂದ ಹೊರಗೆ ಕಳಿಸಿ ಚಿಲಕ ಹಾಕಿಕೊಂಡ. ಮಗಳಿಗೆ ಆರು ತುಂಬಿದ ವರ್ಷ, ತನ್ನ ಮಗುವನ್ನು ತನ್ನಿಂದ ಕಿತ್ತುಕೊಳ್ಳಲಾಗಿದೆ ಎಂದು ಕೋರ್ಟಿಗೆ ಹೋದ.

ಕೋರ್ಟು ನಂಬಿತು. ಪ್ರತಿ ತಿಂಗಳ ಮೊದಲ ಶನಿವಾರ, ಕುಟುಂಬ ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ ತಂದೆ ಮಗಳನ್ನು ಭೇಟಿಯಾಗಬಹುದು ಎಂದು ಆದೇಶವಾಯಿತು. ಕೋಣೆಯ ಗೋಡೆಯ ಮೇಲೆ ಆನೆ, ಜಿರಾಫೆ. ಬಾಗಿಲಲ್ಲಿ ಪೊಲೀಸು. ತಾಯಿ ಹೊರಗಿನ ಬೆಂಚಿನ ಮೇಲೆ ಕಾಯಬೇಕು.

ದೇಚಮ್ಮ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಬಾಗಿಲ ಗಾಜಿಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ಓಖ್ಲಾದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ತಪ್ಪಿದ ಅಂಗಿಗಳನ್ನು ಆರಿಸಿ ತೆಗೆಯುವ ಕೆಲಸ ಅವಳದು. ಹರೀಶನಲ್ಲಿ ಅವಳಿಗೆ ಕಾಣುತ್ತಿದ್ದದ್ದೆಲ್ಲ ತಪ್ಪು ಹೊಲಿಗೆಯೇ. ಬಂದ ಕೂಡಲೆ ಮಗಳ ಹೆಗಲ ಮೇಲೆ ಕೈಹಾಕಿ ಒಂದು ಫೋಟೋ ತೆಗೆಯುತ್ತಿದ್ದ. ಆಮೇಲೆ ತನ್ನ ಪಾಡಿಗೆ ಫೋನು ನೋಡುತ್ತ ಕೂರುತ್ತಿದ್ದ. ಹೊರಡುವಾಗ ಮಾತ್ರ, ಭೇಟಿ ನಡೆಯಿತೆಂದು ಕೌನ್ಸೆಲರ್ ಕೈಯಲ್ಲಿ ಬರೆಸಿಕೊಳ್ಳಲು ಮರೆಯುತ್ತಿರಲಿಲ್ಲ.

"ಏನು ಕೇಳಿದ ನಿನ್ನ?" ಆಟೋದಲ್ಲಿ ಕೂತೊಡನೆ ದೇಚಮ್ಮನ ವಿಚಾರಣೆ ಶುರುವಾಗುತ್ತಿತ್ತು.

"ಕುಛ್ ನಹೀ, ಮಮ್ಮಾ. ಅಂಕಲ್ ಒಂದು ಸೆಲ್ಫಿ ತಗೋತಾರೆ, ಬಸ್," ಎಂದಳು ಅಪೂರ್ವಾ.

"ಅಂಕಲ್ ಅನ್ನಬೇಡ. ಪಪ್ಪಾ ಅನ್ನು. ಇಲ್ಲಾಂದ್ರೆ ನಾನೇ ಹೇಳಿಕೊಟ್ಟೆ ಅಂತಾರೆ."

"ಪಪ್ಪಾ ಅಂದ್ರೆ ಅವರು ಹಿಂದೆ ತಿರುಗಿ ನೋಡ್ತಾರೆ. ಬೇರೆ ಯಾರನ್ನೋ ಕರೆದೆ ಅನ್ನೋ ಥರ."

ಫೋಟೋ ಯಾತಕ್ಕೆ? ಪಾಸ್‌ಪೋರ್ಟ್ ಮಾಡಿಸಲಿಕ್ಕೆ? ಶಾಲೆಯ ಗೇಟಿನಲ್ಲಿ ತೋರಿಸಿ ಮಗುವನ್ನು ಎತ್ತಿಕೊಂಡು ಹೋಗಲಿಕ್ಕೆ? ದೇಚಮ್ಮ ಸೋಮವಾರವೇ ಶಾಲೆಗೆ ಹೋಗಿ, ತಾನಲ್ಲದೆ ಯಾರು ಬಂದರೂ ಕಳಿಸಬೇಡಿ ಎಂದು ಕೈಮುಗಿದು ಬಂದಳು.

ಆ ವಾರವೇ ಲೀಲಾವತಿ ವಿದಾಯ ಹೇಳಲು ಬಂದಳು. ಕ್ವಾರ್ಟರ್ಸ್‌ನಲ್ಲಿ ಹಿಂದೆ ಪಕ್ಕದ ಮನೆಯವಳು. ಅವಳ ಗಂಡನೂ ಹರೀಶನೂ ಒಂದೇ ಕಚೇರಿಯವರು.

"ನಮ್ಮನ್ನ ಅಸ್ಸಾಮಿನ ತೇಜ್‌ಪುರಕ್ಕೆ ವರ್ಗ ಮಾಡಿ ಎಸೆದ್ರು ಕಣೇ. ಬ್ಯಾಚಿನವರೆಲ್ಲ ಮೂಲೆಮೂಲೆಗೆ ಹೋದ್ರು. ನಿಮ್ಮೆಜಮಾನರನ್ನ ಮಾತ್ರ ಯಾರೂ ಅಲ್ಲಾಡಿಸೋಕಾಗಿಲ್ಲ."

"ನಮ್ಮೆಜಮಾನರಲ್ಲ, ಲೀಲಕ್ಕ."

"ಅಚ್ಛಾ, ಹರೀಶ್ ಸಾಹೇಬರು. ಸಾಕಾ? ಮೇಲೆ ಯಾರದೋ ಕೈ ಇದೆ ಅವರಿಗೆ. ಹುಷಾರು. ಅಂಥವನು ಮಗೂನ ಬಿಡ್ತಾನಾ?"

ದೇಚಮ್ಮನಿಗೆ ಅಂದು ಊಟ ಸೇರಲಿಲ್ಲ. ಅವಳ ವಕೀಲ ಗೋಪಿನಾಥನಿಗೂ ಒಳಗೊಳಗೇ ಅನುಮಾನ. ಕೇಸು ಹರೀಶನ ಕಡೆ ವಾಲಿದಾಗಲೆಲ್ಲ ಅವನ ಕಡೆಯವರೇ ಮುಂದಿನ ತಾರೀಖು ಕೇಳುತ್ತಿದ್ದರು. ಗೆಲ್ಲುವವನಿಗೆ ಇಷ್ಟು ತಾಳ್ಮೆ ಎಲ್ಲಿಂದ?

"ದೊಡ್ಡದೇನೋ ಕೂಡಿಹಾಕ್ತಿದ್ದಾನೆ, ದೇಚಮ್ಮ ಅವರೇ," ಎಂದ. "ಒಂದೇ ಏಟಿಗೆ ಹೊಡೀತಾನೆ."

ಏಪ್ರಿಲ್‌ನಲ್ಲಿ ಅಪೂರ್ವಾಳಿಗೆ ಸೀತಾಳೆಸಿಡುಬು ಎದ್ದಿತು. ಮೇ ತಿಂಗಳ ಮೊದಲ ಶನಿವಾರ ಕಾರ್ಖಾನೆಯ ಮಾಲು ಹಡಗಿಗೆ ಹೋಗಬೇಕಿತ್ತು. ರಜೆ ಕೇಳಿದವರು ಮತ್ತೆ ಬರಬೇಕಾಗಿಲ್ಲ ಎಂದ ಸೂಪರ್‌ವೈಸರ್. ಎರಡು ಭೇಟಿ ತಪ್ಪಿದವು. ಹರೀಶ್ ಗಾಬರಿಬಿದ್ದವನಂತೆ ಓಡಿಬಂದು ಹೊಸ ಅರ್ಜಿ ಹಾಕಿದ: ತಾಯಿ ಆದೇಶ ಮುರಿಯುತ್ತಿದ್ದಾಳೆ, ಮಗುವಿನ ಮನಸ್ಸು ಕೆಡಿಸುತ್ತಿದ್ದಾಳೆ. ಅಂಥ ಅರ್ಜಿಗಳ ಕೊನೆಯಲ್ಲಿ ಇರಲೇಬೇಕಾದ ಸಾಲನ್ನು ಅವನ ವಕೀಲರು ಸೇರಿಸಿದರು: ಮಗುವನ್ನು ತಂದೆಗೆ ಒಪ್ಪಿಸಬೇಕು.

ಕೋರ್ಟು ಎರಡೂ ಮನೆಗಳನ್ನು ನೋಡಿಬರಲು ಜನ ಕಳಿಸಿತು. ತಾಯಿಗೆ ಓಖ್ಲಾದ ಗಲ್ಲಿಯಲ್ಲಿ ಒಂದೇ ಕೋಣೆ, ನೀರು ಬೆಳಿಗ್ಗೆ ಮಾತ್ರ. ತಂದೆಗೆ ಎರಡು ಕೋಣೆ, ಬಾಲ್ಕನಿ, ಎದುರಿಗೆ ಪಾರ್ಕು. ಅದೇ ಮನೆಯಿಂದ ಮಗುವನ್ನು ಹೊರಗೆ ಕಳಿಸಿದ್ದ ಸಂಗತಿ ವರದಿಯಲ್ಲಿ ಬರಲಿಲ್ಲ. ಮನೆ ಎಷ್ಟು ದೊಡ್ಡದು ಎಂದು ಕೇಳಲಾಗಿತ್ತೇ ಹೊರತು, ಬಾಗಿಲು ಯಾರು ಹಾಕಿಕೊಂಡರು ಎಂದಲ್ಲ.

ವಿಚಾರಣೆಯ ದಿನ ನ್ಯಾಯಾಧೀಶರು ಕಡತದಿಂದ ತಲೆ ಎತ್ತದೆ ಮಾತಾಡಿದರು. "ಮಗು ಎಲ್ಲಿ ಚೆನ್ನಾಗಿರುತ್ತೆ ಅನ್ನೋದಷ್ಟೇ ನನಗೆ ಮುಖ್ಯ."

"ಅವಳಿಗೆ ಅವನ ಗುರುತೇ ಇಲ್ಲ, ಮ್ಯಾಡಂ," ಎಂದಳು ದೇಚಮ್ಮ.

"ಗುರುತಾಗೋಕೆ ನೀವು ಬಿಟ್ಟರೆ ತಾನೆ?"

ಮಗು ತಂದೆಯ ವಶಕ್ಕೆ. ತಾಯಿ ಬೇಕಾದರೆ ತಿಂಗಳ ಮೊದಲ ಶನಿವಾರ ಮಕ್ಕಳ ಕೋಣೆಯಲ್ಲಿ ಬಂದು ನೋಡಬಹುದು. ಕೇಸು ಇಲ್ಲಿಗೆ ಮುಗಿಯಿತು.

ಅಪೂರ್ವಾ ತಾಯಿಯ ದುಪಟ್ಟಾವನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದಳು. ಮಹಿಳಾ ಪೊಲೀಸು ಬಗ್ಗಿ, "ಛೋಡೋ ಬೇಟಾ" ಎನ್ನುತ್ತ ಒಂದೊಂದೇ ಬೆರಳು ಬಿಡಿಸತೊಡಗಿದಳು. ದೇಚಮ್ಮ ಮಗಳ ಮುಷ್ಟಿಯ ಮೇಲೆ ತನ್ನ ಕೈ ಒತ್ತಿ ಹಿಡಿದಳು. ಗೋಪಿನಾಥ ನೆಲ ನೋಡುತ್ತ ನಿಂತ.

ಹರೀಶನ ಮುಖವೂ ಬಿಳಿಚಿತ್ತು. ಅವನು ತನ್ನ ವಕೀಲನ ಕೋಟಿನ ತೋಳು ಜಗ್ಗುತ್ತಿದ್ದ. "ತಾರೀಖು ಕೇಳ್ರೀ. ಬೇಗ ತಾರೀಖು ಕೇಳಿ."

"ತಾರೀಖು ಯಾಕೆ ಸಾಬ್? ಗೆದ್ದಿದ್ದೀರಿ! ಮುಬಾರಕ್!"

"ಬನ್ನಿ," ನ್ಯಾಯಾಧೀಶರು ಮೊದಲ ಸಲ ತಲೆ ಎತ್ತಿ ಹರೀಶನನ್ನು ನೋಡಿದರು. "ನಿಮ್ಮ ಮಗಳ ಕೈ ಹಿಡಿದುಕೊಳ್ಳಿ."

ಹರೀಶ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಬೇಡ ಮ್ಯಾಡಂ, ಮಗು ಅವಳ ಹತ್ತಿರವೇ ಇರಲಿ, ಕೇಸು ಮಾತ್ರ ಮುಗಿಸಬೇಡಿ. ತಿಂಗಳಿಗೊಂದು ಭೇಟಿ ಇದೆ ಅಂತಲೇ ಇಷ್ಟು ದಿನ ನನ್ನ ವರ್ಗಾವಣೆ ನಿಂತಿತ್ತು; ಈಗ ಮಗುವನ್ನೂ ಕರೆದುಕೊಂಡು ದಿಲ್ಲಿ ಬಿಡು ಅಂತಾರೆ."