ಹನ್ನೊಂದು ವರ್ಷಗಳ ಅಭಿಮಾನಿ

ಬ್ಲೂಸ್ ರಾಕ್ ಸಂಗೀತದ ತಂಡದವರು ಗಿಟಾರ್ ತಗುಲಿಸಿಕೊಂಡು ವೇದಿಕೆಯ ಮೂಲೆಯಲ್ಲಿ ನಿಂತು ಗಂಟೆಯಾಗಿತ್ತು. ಮೈಕಿನ ಮುಂದೆ ನಾಲ್ಕನೆಯ ಅತಿಥಿ ತಮ್ಮ ಬಾಲ್ಯ ಹೇಳುತ್ತಿದ್ದರು. ಹತ್ತು ಗಂಟೆಗೆ ಸರಿಯಾಗಿ ಮೈಕ್ ನಿಲ್ಲಿಸಬೇಕೆಂದು ಪೊಲೀಸರು ಮೊದಲೇ ತಾಕೀತು ಮಾಡಿದ್ದರು.

“ಇದನ್ನ ಕೇಳೋಕಾ ಸ್ವಾಮಿ ನಾನು ಮೂರು ಬಸ್ಸು ಬದಲಾಯಿಸಿ ಬಂದಿದ್ದು?” ಎಂದ ಅಭಿಮಾನಿ. ಹನ್ನೊಂದು ವರ್ಷದಿಂದ, ಹಾಲು ಕರೆಯುವಾಗಲೂ, ಅವನ ಕಿವಿಯಲ್ಲಿ ಈ ತಂಡದ್ದೇ ಹಾಡು. ಎದುರಿಗೆ ಕೂತು ಕೇಳಲು ಬಂದದ್ದು ಇದೇ ಮೊದಲು.

“ಶಾಲು, ಹಾರ ಮುಗೀಲಿ ಬಿಡಿ,” ಎಂದರು ಪಕ್ಕದ ಹಿರಿಯರು.

“ಅಷ್ಟೊತ್ತಿಗೆ ಹತ್ತಾಗುತ್ತೆ. ಆ ಮೈಕಿಗೆ ಜೀವ ಇದ್ದಿದ್ರೆ ಇಷ್ಟೊತ್ತಿಗೆ ಎದ್ದು ಮನೆಗೆ ಹೋಗಿರೋದು.”

ಗಿಟಾರಿನವನು ಬೇಸತ್ತು ಒಮ್ಮೆ ತಂತಿ ಮೀಟಿದ. ನಿರೂಪಕಿ ಕಣ್ಣಲ್ಲೇ ತಡೆದಳು. ಒಂಬತ್ತೂವರೆಗೆ ಅವಳು ಕೊನೆಯ ಸನ್ಮಾನ ಪ್ರಕಟಿಸಿದಳು: ಅತಿ ದೂರದಿಂದ ಬಂದ ಅಭಿಮಾನಿಗೆ. ಬಾಗಿಲಲ್ಲಿ ಬರೆಸಿಕೊಂಡ ಪಟ್ಟಿಯಿಂದ ಅವಳು ಓದಿದ್ದು ಇವನ ಹೆಸರನ್ನೇ.

“ಬೇಗ ಬಂದ್ಬಿಡಿ ಮತ್ತೆ,” ಎಂದರು ಹಿರಿಯರು.

“ನಿಂತ ಕಾಲಲ್ಲೇ ಬಂದೆ.”

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಗಿಟಾರಿನವನು ಕೈಮುಗಿದು, “ಎರಡೇ ಮಾತು ಹೇಳಿಬಿಡಿ ಅಣ್ಣ, ಶುರು ಮಾಡ್ತೀವಿ,” ಎಂದು ಮೈಕನ್ನು ಅವನತ್ತ ಸರಿಸಿದ.

ಅವನು ಗಂಟಲು ಸರಿಮಾಡಿಕೊಂಡು, ಈ ತಂಡದ ಹಾಡನ್ನು ಮೊದಲು ಕೇಳಿದ ದಿನದಿಂದ ಹೇಳತೊಡಗಿದ.

ಏಳನೆಯ ವರ್ಷಕ್ಕೆ ಬಂದಿದ್ದಾಗ ಮೈಕ್ ಬಂದ್ ಆಯಿತು.